ಕಲ್ಪಿತ ಪ್ರಾಣಿಗಳ ತಾರತಮ್ಯ ವಿಚಾರ

ಕಾಗೆಗೆ ಹಲ್ಲುಗಳೆಷ್ಟು ಎಂದು ಎಣಿಸಹೊರಡುವುದನ್ನು ಶಾಸ್ತ್ರಜ್ಞರು ಕಾಕದಂತಪರೀಕ್ಷೆಯೆಂದು ಕರೆದು ಹಾಸ್ಯಮಾಡಿದ್ದಾರೆ. ಇಲ್ಲದ ವಸ್ತುವನ್ನು ಕುರಿತು ವಾದಿಸುವವರ ಬಾಯಿಮುಚ್ಚಿಸಲು ಇದಕ್ಕಿಂತ ಹರಿತವಾದ ಮಾತು ದೊರೆಯದು. ಜಪಾನು ದೇಶದಲ್ಲಿ ಹುಟ್ಟಿ ಈಗ ಲೋಕವನ್ನೆಲ್ಲ ವ್ಯಾಪಿಸಿರುವ ಪೋಕೆಮಾನ್ ಎಂಬ ವಿಡಿಯೋ ಆಟದ ಪ್ರಾಣಿಗಳಲ್ಲಿ ಯಾವುದು ಸುಂದರ, ಯಾವುದು ವಿಕಾರ, ಯಾವುದು ಬಲಿಷ್ಠ, ಯಾವುದು ಕೆಲಸಕ್ಕೆ ಬಾರದ್ದು ಎಂದು ಚಿಕ್ಕವರು ಮಾತ್ರವಲ್ಲದೆ ಮೀಸೆ ಬಂದವರೂ ವರ್ಷಗಟ್ಟಲೆ ಚರ್ಚಿಸುವುದನ್ನು ಕಂಡಾಗ ಹಿರಿಯರಿಗೆ ಈ ನ್ಯಾಯವು ನೆನಪಾಗುವುದು ಸಹಜವೇ. ಗಾಜಿನ ಹಲಗೆಯ ಮೇಲೆ ಬೆಳಕಿನಿಂದ ಬರೆದ ಪ್ರಾಣಿಗಳಿಗೆ ಬಲವೆಲ್ಲಿಯದು, ಅಬಲತೆಯೆಲ್ಲಿಯದು? ಆದರೆ ಕಾಗೆಗೆ ಹಲ್ಲಿಲ್ಲದಿದ್ದರೂ ಪರೀಕ್ಷಿಸುವವನಿಗೆ ಕಣ್ಣಿರುವುದು ನಿಜವಷ್ಟೆ. ಆ ಕಣ್ಣು ಏನನ್ನು ಹುಡುಕುತ್ತದೆ, ಏನನ್ನು ಕಂಡು ಮೆಚ್ಚುತ್ತದೆ, ಯಾವುದನ್ನು ಕಸವೆಂದು ಬದಿಗೆ ಸರಿಸುತ್ತದೆ ಎಂಬೀ ವಿಚಾರವು ಅಷ್ಟೊಂದು ನಿಷ್ಫಲವಾದುದಲ್ಲ. ಕಲ್ಪಿತವಸ್ತುವಿನ ಮುಂದೆ ಮನುಷ್ಯನು ತನ್ನ ತಕ್ಕಡಿಯನ್ನು ನಿಸ್ಸಂಕೋಚವಾಗಿ ಹೊರತೆಗೆಯುತ್ತಾನೆ. ನಿಜವಾದ ಮನುಷ್ಯರ ಮುಂದಾದರೆ ಅದನ್ನು ಮೇಲುವಸ್ತ್ರದಲ್ಲಿ ಮರೆಸಿಕೊಂಡಿರುತ್ತಾನೆ.

ಆಟವನ್ನರಿಯದ ವಾಚಕರಿಗಾಗಿ ಅದರ ಹುಟ್ಟನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಇದನ್ನು ಕಲ್ಪಿಸಿದ ಸತೋಷಿ ತಾಜಿರಿ ಎಂಬವರು ಟೋಕಿಯೋ ನಗರದ ಹೊರವಲಯದ ಮಾಚಿದಾ ಎಂಬಲ್ಲಿ ಬೆಳೆದವರು. ಬಾಲ್ಯದಲ್ಲಿ ಅವರಿಗೆ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಹಾಕುವುದೇ ಮಹಾಸಂಭ್ರಮ. ಮುಂದೆ ಕೆರೆಕುಂಟೆಗಳೂ ಗದ್ದೆಗಳೂ ಮಾಯವಾಗಿ ಮನೆಗಳೂ ರಸ್ತೆಗಳೂ ಎದ್ದುವು, ಹುಳುಗಳು ಕಾಣದಾದುವು. ಗೇಮ್ ಬಾಯ್ ಎಂಬ ಅಂಗೈಯಗಲದ ಆಟದ ಯಂತ್ರಗಳೆರಡನ್ನು ಒಂದು ತಂತಿಯಿಂದ ಜೋಡಿಸಬಹುದೆಂದು ಕಂಡಾಗ, ಆ ತಂತಿಯ ಮೇಲೆ ಹುಳುಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದು ಹೋಗುವಂತೆ ಅವರ ಮನಸ್ಸಿಗೆ ತೋರಿತಂತೆ. ಆ ಕಲ್ಪನೆಯಿಂದ ಬೆಳೆದ ಆಟವು 1996ನೆಯ ಫೆಬ್ರವರಿ 27ರಂದು 'ಕೆಂಪು', 'ಹಸಿರು' ಎಂಬ ಎರಡು ಪಾಠಗಳಲ್ಲಿ ಹೊರಬಂದಿತು. ಆಡುವವನು ಊರೂರು ಅಲೆದು ಕಾಡುಪ್ರಾಣಿಗಳನ್ನು ಒಂದು ಚೆಂಡಿನೊಳಗೆ ಹಿಡಿದು, ಹೆಸರಿಟ್ಟು, ಸಾಕಿ, ಇತರರ ಪ್ರಾಣಿಗಳೊಡನೆ ಕಾದಾಡಿಸಬೇಕು. ಸೋತ ಪ್ರಾಣಿಯು ಮೂರ್ಛೆಹೋಗುವುದೇ ಹೊರತು ಸಾಯುವುದಿಲ್ಲ. ಮೊದಲು 151 ಜಾತಿಗಳಿದ್ದುವು. 2022ರಲ್ಲಿ ಅವುಗಳ ಸಂಖ್ಯೆಯು ಸಾವಿರವನ್ನು ದಾಟಿತು.

ಸಾವಿರ ಪ್ರಾಣಿಗಳು ಒಂದೆಡೆ ಸೇರಿದ ಮೇಲೆ ತಾರತಮ್ಯದ ಚರ್ಚೆಯು ಹುಟ್ಟದೆ ಇರುವುದೆಂತು? ಅದು ಎರಡು ಬಗೆಯಾಗಿ ನಡೆಯುತ್ತದೆ. ರೂಪವನ್ನು ನೋಡಿ ಬೆಲೆಕಟ್ಟುವವರು ಕೆಲವರು. ಅಂಕವನ್ನು ನೋಡಿ ಬೆಲೆಕಟ್ಟುವವರು ಹಲವರು. ಮೊದಲನೆಯವರನ್ನು ಎರಡನೆಯವರು ಮಕ್ಕಳೆಂದು ನಗುವರು.

ರೂಪದ ವಿಚಾರದಲ್ಲಿ ಬಹಳವಾಗಿ ಕೇಳಿಬರುವ ದೂರು ಯಾವುದೆಂದರೆ, ಹಳೆಯವು ಚೆಲುವಾಗಿದ್ದುವು, ಹೊಸವು ಕೆಟ್ಟುವು ಎಂಬುದು. ಕೆನ್ ಸುಗಿಮೋರಿಯವರ ಕೈಯಿಂದ ಮೂಡಿದ ಮೊದಲ ಚಿತ್ರಗಳನ್ನೂ, ಅತ್ಸುಕೋ ನಿಶಿದಾ ಎಂಬ ಚಿತ್ರಕಾರ್ತಿಯು ಕಲ್ಪಿಸಿದ ಪಿಕಾಚುವನ್ನೂ ಕಂಡು ಬೆಳೆದವರಿಗೆ 2010ರಲ್ಲಿ ಐಸ್‌ಕ್ರೀಮಿನ ಆಕಾರದ ವ್ಯಾನಿಲೈಟ್, ಕಸದ ಚೀಲದ ಆಕಾರದ ಟ್ರಬಿಶ್ ಬಂದಾಗ ಮೈಯುರಿಯಿತು. 2013ರಲ್ಲಿ ಬೀಗದ ಕೈಗಳ ಗೊಂಚಲೊಂದು ಕ್ಲೆಫ್ಕಿಯೆಂಬ ಹೆಸರಿನಿಂದ ಪ್ರಾಣಿಯಾಗಿ ಬಂದಿತು. ಆದರೆ ಮೊದಲಿನ 151ರಲ್ಲಿಯೂ ಕಣ್ಣು ಬರೆದ ಚೆಂಡು ಒಂದಿತ್ತು, ಅಯಸ್ಕಾಂತದ ತುಂಡುಗಳನ್ನಂಟಿಸಿದ ಗುಂಡೊಂದಿತ್ತು, ಬರಿಯ ಕೊಚ್ಚೆಯ ರಾಶಿಯೊಂದಿತ್ತು. ಬಾಲ್ಯದಲ್ಲಿ ಕಂಡ ಕೊಚ್ಚೆಯೂ ಕಸ್ತೂರಿಯಾಗುವುದು ಲೋಕಸ್ವಭಾವ. ಹೊಸ ನಾಟಕವನ್ನಾಡಹೊರಟ ಕಾಳಿದಾಸನ ಸೂತ್ರಧಾರನಿಗೂ ಇದೇ ತೊಡಕು ಎದುರಾಗಿತ್ತೆಂಬುದನ್ನು ಬಲ್ಲವರು ಬಲ್ಲರು.

ಇಲ್ಲಿ ಅಳತೆಗೋಲಾಗತಕ್ಕುದು ಹಳತು ಹೊಸತುಗಳಾಗಲಿ, ಬರಿಯ ಚೆಲುವಾಗಲಿ ಆಗಿರದೆ, ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವೆಂದೇ ತೋರುತ್ತದೆ. ಯಾವುದು ಯಾವುದಕ್ಕೆ ತಕ್ಕುದೋ ಅದು ಅಲ್ಲಿರಬೇಕು. ಟ್ರಬಿಶ್ ಹುಟ್ಟಿದ್ದು ಕಸದ ಚೀಲಗಳೊಡನೆ ಕಾರ್ಖಾನೆಯ ವಿಷದ್ರವ್ಯಗಳು ಬೆರೆತುದರಿಂದ ಎಂದು ಆಟದ ಕಥೆಯು ಹೇಳುತ್ತದೆ. ಅದು ಕಾಣಿಸಿಕೊಳ್ಳುವುದು ನ್ಯೂಯಾರ್ಕ್ ನಗರಪ್ರದೇಶವನ್ನು ಮಾದರಿಯಾಗಿಟ್ಟುಕೊಂಡು ಕಲ್ಪಿಸಿದ ನಾಡಿನಲ್ಲಿ. ಮಹಾನಗರವು ತಾನು ಎಸೆದುದನ್ನೇ ಮತ್ತೆ ಕಣ್ಣುಬಿಟ್ಟು ನೋಡುತ್ತಿರುವಂತೆ ಕಾಣುವಲ್ಲಿ ಸೌಂದರ್ಯವಿಲ್ಲ, ನಿಜ, ಔಚಿತ್ಯವಿದೆ. ಬೀಭತ್ಸವನ್ನು ಒಂಬತ್ತು ರಸಗಳಲ್ಲಿ ಒಂದಾಗಿ ಕೂರಿಸಿದವರು ಇದನ್ನು ಕಂಡು ಮೂಗುಮುಚ್ಚಿಕೊಳ್ಳಬೇಕಾಗಿಲ್ಲ.

ಔಚಿತ್ಯಕ್ಕೆ ಇದಕ್ಕಿಂತಲೂ ಒಳ್ಳೆಯ ಉದಾಹರಣೆಯು ಮ್ಯಾಜಿಕಾರ್ಪ್ ಎಂಬ ಮೀನು. ಜಪಾನೀ ಭಾಷೆಯಲ್ಲಿ ಇದರ ಹೆಸರಿಗೆ 'ಕಾರ್ಪ್ ಮೀನುಗಳ ರಾಜ' ಎಂದರ್ಥ. ಬೆನ್ನ ಮೇಲೆ ಕಿರೀಟದಂತಹ ಹಳದಿಯ ರೆಕ್ಕೆ, ಮೈತುಂಬ ಕೆಂಪು ಹುರುಪೆ, ಸದಾ ತೆರೆದ ಬಾಯಿ. ಇಷ್ಟೆಲ್ಲ ರಾಜಲಾಂಛನಗಳಿದ್ದೂ ಅದು ಆರಂಭದಲ್ಲಿ ಬಲ್ಲ ವಿದ್ಯೆಯೊಂದೇ: ನೆಗೆಯುವುದು. ನೆಗೆದುದರಿಂದ ಯಾರಿಗೂ ಏನೂ ಆಗುವುದಿಲ್ಲ. ಅದರ ಅಂಕಗಳ ಮೊತ್ತ 200. ಪ್ರಹಾರಕ್ಕೆ ಕೊಟ್ಟಿರುವುದು ಬರಿಯ 10. ಆದರೆ ಅದನ್ನು ಇಪ್ಪತ್ತನೆಯ ಮೆಟ್ಟಿಲಿನವರೆಗೆ ಬಿಡದೆ ಸಾಕಿದವನ ಮುಂದೆ ಅದು ಗ್ಯಾರಡಾಸ್ ಎಂಬ ಘೋರಸರ್ಪವಾಗಿ ಏಳುತ್ತದೆ. ಆಗ ಮೊತ್ತ 540, ಪ್ರಹಾರ 125. ಹಳದಿ ನದಿಯ ಮಹಾದ್ವಾರವನ್ನು ನೆಗೆದು ದಾಟಿದ ಕಾರ್ಪ್ ಮೀನು ನಾಗರಾಜನಾಗುವುದೆಂಬ ಚೀನೀಯರ ಪುರಾತನ ಕಥೆಯು ಇಲ್ಲಿ ಬೆನ್ನಿಗಿದೆ. ಈ ಮೀನಿನಲ್ಲಿ ಚಿತ್ರ, ಹೆಸರು, ಅಂಕ ಮೂರೂ ಕೂಡಿ ಒಂದು ವ್ಯಂಗ್ಯಾರ್ಥವನ್ನು ಧ್ವನಿಸುತ್ತವೆ. ಹತ್ತೆಂಬ ಅಂಕವನ್ನು ಐವತ್ತು ಮಾಡಿದ್ದರೆ ಚಿತ್ರವು ಹಾಗೆಯೇ ಉಳಿದಿದ್ದರೂ ಕಥೆಯು ಕೆಡುತ್ತಿತ್ತು.

ಇದರಿಂದ ಒಂದು ವಿಷಯವು ಹೊಳೆಯುತ್ತದೆ. ಅಂಕವೂ ಚಿತ್ರದಂತೆಯೇ ಬರೆದದ್ದು. ರೂಪವು ಮೋಸ, ಅಂಕವೇ ಸತ್ಯ ಎಂದು ವಾದಿಸುವವರು ಇದನ್ನು ಮರೆಯುತ್ತಾರೆ. ಕುದುರೆಯ ಓಟವನ್ನು ಅಳೆದು ಹೇಳುವ ಸಂಖ್ಯೆಯು ಕುದುರೆಯಿಂದ ಬಂದದ್ದು. ಅಳೆಯುವವನಿಗೆ ಅದನ್ನು ಬದಲಿಸುವ ಅಧಿಕಾರವಿಲ್ಲ. ಈ ಆಟದ ಪ್ರಾಣಿಗಳ ಅಂಕವಾದರೋ ಅಳೆದದ್ದಾಗಿರದೆ ವಿಧಿಸಿದ್ದು. ಪಿಕಾಚುವಿನ ಆರು ಅಂಕಗಳ ಮೊತ್ತವು ಮೊದಲು 300 ಇದ್ದುದನ್ನು 2013ರಲ್ಲಿ ಕರ್ತೃಗಳು ರಕ್ಷಣೆಗೆ ಹತ್ತು, ವಿಶೇಷ ರಕ್ಷಣೆಗೆ ಹತ್ತು ಸೇರಿಸಿ 320 ಮಾಡಿದರು. ಆ ರಾತ್ರಿ ಪಿಕಾಚುವೇನೂ ವ್ಯಾಯಾಮ ಮಾಡಿರಲಿಲ್ಲ.

ಹಾಗಾದರೂ ಅಂಕಗಳ ಲೋಕವು ತನ್ನಷ್ಟಕ್ಕೆ ತಾನು ರಸವತ್ತಾದದ್ದೇ. ಅದನ್ನು ತಿರಸ್ಕರಿಸಿ ನಡೆಯುವುದು ಪಂಡಿತರ ಲಕ್ಷಣವಲ್ಲ. ಪ್ರತಿಯೊಂದು ಜಾತಿಗೂ ಆರು ಅಂಕಗಳುಂಟು: ಪ್ರಾಣ, ಪ್ರಹಾರ, ರಕ್ಷಣೆ, ವಿಶೇಷ ಪ್ರಹಾರ, ವಿಶೇಷ ರಕ್ಷಣೆ, ವೇಗ. (1996ರಲ್ಲಿ ಐದೇ ಇದ್ದುವು, 'ವಿಶೇಷ'ವೆಂಬುದನ್ನು 1999ರಲ್ಲಿ ಎರಡಾಗಿ ಒಡೆದರು.) ಹಲ್ಲು ಉಗುರುಗಳಿಂದ ಮೈಗೆ ಮೈತಾಗಿಸಿ ಹೊಡೆಯುವುದು ಸ್ಥೂಲವಾಗಿ ಪ್ರಹಾರ, ಜ್ವಾಲೆ, ಮಿಂಚು, ಮನೋಬಲಗಳನ್ನು ದೂರದಿಂದ ಪ್ರಯೋಗಿಸುವುದು ವಿಶೇಷ ಪ್ರಹಾರ. ಶಾಲೆಯ ಪರೀಕ್ಷೆಯಲ್ಲಿ ಆರು ವಿಷಯಗಳ ಅಂಕಗಳನ್ನು ಕೂಡಿಸಿ ದರ್ಜೆಯನ್ನು ನಿರ್ಣಯಿಸುವಂತೆ ಆಟಗಾರರು ಈ ಆರನ್ನೂ ಕೂಡಿಸಿ ಪ್ರಾಣಿಯ ಯೋಗ್ಯತೆಯನ್ನು ನಿರ್ಣಯಿಸುವರು. ಜಗತ್ತನ್ನು ಸೃಷ್ಟಿಸಿತೆಂದು ಆಟದ ಪುರಾಣವು ಹೇಳುವ ಆರ್ಸಿಯಸ್‌ಗೆ ಆರೂ 120, ಮೊತ್ತ 720. ಸೂರ್ಯಕಾಂತಿಯ ಬೀಜದಂತಿರುವ ಸನ್‌ಕರ್ನ್ ಎಂಬ ಬಡಪ್ರಾಣಿಗೆ ಆರೂ 30, ಮೊತ್ತ 180. ದೇವರಿಗೂ ಬೀಜಕ್ಕೂ ಇರುವ ಅಂತರವನ್ನು ಇಷ್ಟು ನಿಖರವಾಗಿ ಯಾವ ಶಾಸ್ತ್ರಕಾರನೂ ಹೇಳಿರಲಾರನು.

ಮೊತ್ತದ ಮೇಲಣ ಈ ನಂಬಿಕೆಗೆ ಮೊದಲ ಪೆಟ್ಟನ್ನು ಕೊಡುವುದು ಈವೀ ಎಂಬ ಪುಟ್ಟ ಪ್ರಾಣಿಯ ಸಂತತಿ. ಸಂದರ್ಭಾನುಸಾರವಾಗಿ ಇದು ಎಂಟು ಬೇರೆ ಬೇರೆ ಪ್ರಾಣಿಗಳಲ್ಲಿ ಯಾವುದಾದರೂ ಒಂದಾಗಿ ಪರಿಣಮಿಸಬಲ್ಲದು. ಎಂಟಕ್ಕೂ ಮೊತ್ತ 525. ಅಷ್ಟೇ ಅಲ್ಲ, 130, 110, 95, 65, 65, 60 ಎಂಬ ಅವೇ ಆರು ಸಂಖ್ಯೆಗಳನ್ನು ಎಂಟಕ್ಕೂ ಬೇರೆ ಬೇರೆ ಕ್ರಮದಲ್ಲಿ ಹಂಚಿದ್ದಾರೆ. ಒಬ್ಬ ತಂದೆಯು ಎಂಟು ಮಕ್ಕಳಿಗೂ ಸಮನಾಗಿ ಆಸ್ತಿಯನ್ನು ಹಂಚಿದಂತೆ ಇದು. ಆದರೂ ಮಕ್ಕಳ ಬಾಳು ಸಮನಾಗಲಿಲ್ಲ. ಬೆಂಕಿಯ ಕುಲಕ್ಕೆ ಸೇರಿದ ಫ್ಲೇರಿಯಾನ್‌ಗೆ ಅತ್ಯುಚ್ಚವಾದ 130 ದೊರೆತದ್ದು ಪ್ರಹಾರಕ್ಕೆ. ಆದರೆ ಆಗಿನ ಆಟದ ನಿಯಮದಂತೆ ಬೆಂಕಿಯ ಆಯುಧಗಳೆಲ್ಲವೂ ವಿಶೇಷವರ್ಗದವು. ತನ್ನ ಕುಲದ ಆಯುಧವನ್ನೆತ್ತಿದಾಗಲೆಲ್ಲ ಆ 130 ಮೂಲೆಯಲ್ಲಿ ಕುಳಿತಿರುತ್ತಿತ್ತು. 2006ರಲ್ಲಿ ನಿಯಮವನ್ನು ತಿದ್ದಿ ಪ್ರತಿಯೊಂದು ಆಯುಧಕ್ಕೂ ಪ್ರತ್ಯೇಕವಾಗಿ ವರ್ಗವನ್ನು ಗೊತ್ತುಮಾಡಿದರು. ಆಗಲೂ ಅದರ ಬಲಕ್ಕೆ ತಕ್ಕ ಬೆಂಕಿಯ ಆಯುಧವು ಕೈಗೆ ಬಂದಿಲ್ಲ, ಬಂದುದು 2013ರಲ್ಲಿ. ಮೊದಲ ದಿನದಿಂದ ಎಣಿಸಿದರೆ ಹದಿನೇಳು ವರ್ಷಗಳ ಕಾಲ ಅದರ ಅಂಕವು ಸುಳ್ಳಾಡಲಿಲ್ಲ. ಅಂಕಕ್ಕೆ ಮಾತನಾಡಲು ಬಾಯಿ ಮಾತ್ರ ಇರಲಿಲ್ಲ. ಪಾಠಶಾಲೆಗಳಲ್ಲಿ ಇಂಥ ಹುಡುಗರನ್ನು ಕಾಣದ ಉಪಾಧ್ಯಾಯರಿರಲಾರರು.

ಇದಕ್ಕೆ ವಿಪರೀತವಾದುದು 2002ರಲ್ಲಿ ಬಂದ ಸ್ಲೇಕಿಂಗ್. ಒಂದು ಕೈಯ ಮೇಲೆ ತಲೆಯಿಟ್ಟು ಒರಗಿಕೊಂಡಿರುವ ಮಹಾಕಪಿಯ ಆಕಾರ. ಮೊತ್ತ 670, ದಿವ್ಯಪ್ರಾಣಿಗಳ ಪಂಕ್ತಿಯಲ್ಲಿ ಎಲೆಹಾಕಿಸಿಕೊಳ್ಳಬಹುದಾದ ಬಲ. ಆದರೆ ಅದರ ಸಹಜಗುಣವು ಆಲಸ್ಯ. ಒಂದು ಸರದಿಯಲ್ಲಿ ಹೊಡೆದರೆ ಮುಂದಿನ ಸರದಿಯಲ್ಲಿ ಸುಮ್ಮನೆ ಕೂರುವುದು. ಅದೇ ವರ್ಷ ಬಂದ ಶೆಡಿಂಜ ಎಂಬುದು ಹುಳುವು ಕಳಚಿಬಿಟ್ಟ ಬರಿಯ ಪೊರೆ. ಎಷ್ಟು ಬೆಳೆಸಿದರೂ ಅದರ ಪ್ರಾಣಾಂಕವು ಒಂದೇ. ಮುಟ್ಟಿದರೆ ಮುಗಿಯಿತು. ಆದರೆ ಮುಟ್ಟುವುದೇ ಕಷ್ಟ: ತನಗೆ ವಿಶೇಷವಾಗಿ ಪ್ರತಿಕೂಲವಾದ ಕೆಲವೇ ಕುಲಗಳ ಆಯುಧಗಳನ್ನು ಬಿಟ್ಟರೆ ಬೇರಾವ ನೇರವಾದ ಹೊಡೆತವೂ ಅದನ್ನು ತಾಗದು. 2016ರಲ್ಲಿ ಬಂದ ವಿಶಿವಾಶಿಯೆಂಬ ಸಣ್ಣ ಮೀನಿನ ಮೊತ್ತವು 175, ಎಂದರೆ ಸೂರ್ಯಕಾಂತಿಯ ಬೀಜಕ್ಕಿಂತಲೂ ಕಡಮೆ. ಜಪಾನೀ ಲಿಪಿಯಲ್ಲಿ ಇವಾಶಿ ಮೀನಿನ, ಎಂದರೆ ಭೂತಾಯಿ ಮೀನಿನ ಹೆಸರನ್ನು ಬರೆಯುವ ಅಕ್ಷರವೇ 'ಮೀನು', 'ದುರ್ಬಲ' ಎಂಬೆರಡು ಅಂಗಗಳಿಂದಾದದ್ದು; ಈ ಪ್ರಾಣಿಯ ಜಪಾನೀ ಹೆಸರಿನಲ್ಲಿ ಆ ಶ್ಲೇಷವಿದೆ. ಇಪ್ಪತ್ತನೆಯ ಮೆಟ್ಟಿಲನ್ನು ಮುಟ್ಟಿದ ಮೇಲೆ ಇದು ಆಪತ್ಕಾಲದಲ್ಲಿ ತನ್ನ ಬಳಗವನ್ನೆಲ್ಲ ಕರೆದು ಒಂದೇ ಮಹಾಮತ್ಸ್ಯದಂತೆ ನಿಲ್ಲುವುದು. ಆಗ ಮೊತ್ತ 620. ಪ್ರಾಣವು ಕಾಲುಭಾಗಕ್ಕೆ ಇಳಿದೊಡನೆ ಬಳಗವು ಚದುರಿಹೋಗಿ ಮತ್ತೆ ಒಂಟಿ ಮೀನೊಂದು ಉಳಿಯುತ್ತದೆ. ಯಾವ ಮೊತ್ತವು ಅದರ ನಿಜವಾದ ಮೊತ್ತ? ಮೊತ್ತವಾದಿಗಳು ಇದಕ್ಕೆ ಉತ್ತರವನ್ನು ಹೇಳಲಿ.

ಇಷ್ಟು ಜಾತಿಯ ಮಾತಾಯಿತು. (ಇಲ್ಲಿ ಜಾತಿಯೆಂದರೆ ತಾರ್ಕಿಕರು ಹೇಳುವ ಗೋತ್ವ ಅಶ್ವತ್ವಾದಿಗಳೇ ಹೊರತು ಊರಿನ ಪಂಕ್ತಿಭೇದವಲ್ಲ.) ಆದರೆ ಒಂದೇ ಜಾತಿಯ ಎರಡು ಪ್ರಾಣಿಗಳೂ ಸಮವಲ್ಲ. ಹುಟ್ಟುವಾಗಲೇ ಪ್ರತಿಯೊಂದಕ್ಕೂ ಆರು ಗುಪ್ತಾಂಕಗಳು ಬರುತ್ತವೆ. 2002ರಿಂದೀಚೆಗೆ ಅವು ಸೊನ್ನೆಯಿಂದ 31ರವರೆಗೆ ಯಾವುದಾದರೂ ಆಗಿರಬಹುದು. ಇದನ್ನು ಜನ್ಮಾಂಕವೆನ್ನೋಣ. ಕಾದಾಡುತ್ತ ಗಳಿಸುವುದು ಪ್ರಯತ್ನಾಂಕ. ಇವೆರಡರ ಜೊತೆಗೆ ಇಪ್ಪತ್ತೈದು ಬಗೆಯ ಸ್ವಭಾವಗಳುಂಟು; ಅವುಗಳಲ್ಲಿ ಹೆಚ್ಚಿನವು ಒಂದು ಶಕ್ತಿಯನ್ನು ಹತ್ತರಲ್ಲೊಂದು ಪಾಲು ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತವೆ. ನೂರನೆಯ ಮೆಟ್ಟಿಲಿನಲ್ಲಿ ನಿಂತ ಪ್ರಾಣಿಯ ವೇಗವನ್ನು ತಿಳಿಯಬೇಕಾದರೆ ಜಾತ್ಯಂಕವನ್ನು ಇಮ್ಮಡಿಸಿ, ಜನ್ಮಾಂಕವನ್ನು ಕೂಡಿಸಿ, ಪ್ರಯತ್ನದಿಂದ ಬಂದುದನ್ನು ಕೂಡಿಸಿ, ಐದನ್ನು ಸೇರಿಸಿ, ಕೊನೆಗೆ ಸ್ವಭಾವದ ಪಾಲನ್ನು ನೋಡಬೇಕು. ಒಂದು ಶಕ್ತಿಗೆ ಜನ್ಮದಿಂದ ಬರುವುದು ಹೆಚ್ಚೆಂದರೆ 31. ಪ್ರಯತ್ನದಿಂದ ಬರುವುದು ಹೆಚ್ಚೆಂದರೆ 63.

ದೈವಪುರುಷಕಾರಗಳ ವಿವಾದವನ್ನು ಸಾವಿರಾರು ವರ್ಷಗಳಿಂದ ನಡೆಸಿಬಂದ ದೇಶದವರು ಈ ಲೆಕ್ಕವನ್ನು ಕಂಡು ಕುತೂಹಲಗೊಳ್ಳದಿರಲಾರರು. ಜಪಾನಿನ ಲೆಕ್ಕಿಗರು ಯಾವ ಸ್ಮೃತಿಯನ್ನೂ ತಿರುವಿಹಾಕದೆ ಪುರುಷಕಾರಕ್ಕೆ ದೈವದ ಎರಡರಷ್ಟು ತೂಕವನ್ನು ಕೊಟ್ಟರು. ಪಿಕಾಚುವಿನ ವೇಗಾಂಕ 90, ಮ್ಯೂಟೂ ಎಂಬ ಭಯಂಕರಪ್ರಾಣಿಯದು 130. ಇಬ್ಬರಿಗೂ ಜನ್ಮಾಂಕವು ಸೊನ್ನೆಯೇ ಎಂದಿಟ್ಟುಕೊಂಡರೆ, ಏನೂ ಪ್ರಯತ್ನಪಡದೆ ಕುಳಿತ ಮ್ಯೂಟೂವಿನ ವೇಗವು ನೂರನೆಯ ಮೆಟ್ಟಿಲಿನಲ್ಲಿ 265. ಪೂರ್ಣಪ್ರಯತ್ನವನ್ನೂ ಅನುಕೂಲವಾದ ಸ್ವಭಾವವನ್ನೂ ಪಡೆದ ಪಿಕಾಚುವಿನ ವೇಗವು 272. ಇಲಿಯು ರಾಕ್ಷಸನನ್ನು ಓಟದಲ್ಲಿ ಹಿಂದಿಕ್ಕಿತು! ಆದರೆ ಸಂತೋಷಪಡುವ ಮೊದಲು ಲೆಕ್ಕವನ್ನು ಪೂರ್ತಿ ನೋಡಬೇಕು. ಪ್ರಯತ್ನಕ್ಕೆ ಒಂದು ಒಟ್ಟು ಮಿತಿಯಿದೆ. ಎರಡು ಶಕ್ತಿಗಳನ್ನು ಪೂರ್ಣವಾಗಿ ಬೆಳೆಸುವಷ್ಟರಲ್ಲಿ ಅದು ಬಹುಮಟ್ಟಿಗೆ ತೀರಿಹೋಗುತ್ತದೆ. ಆರೂ ಶಕ್ತಿಗಳನ್ನು ಸೇರಿಸಿದರೆ ಪ್ರಯತ್ನದ ಗಳಿಕೆ 127ನ್ನು ಮೀರದು. ಜನ್ಮದ ಗಳಿಕೆ 186ರವರೆಗೆ ಹೋಗಬಹುದು. ಒಂದು ದಿಕ್ಕನ್ನು ಆರಿಸಿಕೊಂಡವನಿಗೆ ಪ್ರಯತ್ನವು ದೊಡ್ಡದು; ಎಲ್ಲವೂ ತನಗಿರಲಿ ಎಂಬವನು ಹುಟ್ಟಿನ ಬಾಗಿಲಲ್ಲಿಯೇ ಕಾಯಬೇಕು. ಮತ್ತು ಜಾತಿಯು ಇಮ್ಮಡಿಯಾಗಿ ಎರಡರ ಮೇಲೂ ಕುಳಿತಿದೆ.

ಈ ಜನ್ಮಾಂಕದಿಂದಲೇ ಪ್ರಕೃತ ವಿಷಯದ ಮರ್ಮಸ್ಥಾನವು ಬರುತ್ತದೆ. 1999ರಿಂದ ಈ ಆಟದಲ್ಲಿ ಪ್ರಾಣಿಗಳು ಮೊಟ್ಟೆಯಿಡುವುದೂ ಉಂಟು. ಎರಡು ಪ್ರಾಣಿಗಳನ್ನು ಸಾಕುವವರ ಬಳಿ ಬಿಟ್ಟರೆ ಮೊಟ್ಟೆ ದೊರೆಯುವುದು. ಅದನ್ನು ಹೊತ್ತು ನಡೆದರೆ, ಇಂತಿಷ್ಟು ಹೆಜ್ಜೆಗಳಾದ ಮೇಲೆ ಮರಿಯು ಹೊರಬರುವುದು. ಮರಿಗೆ ಜನ್ಮಾಂಕವು ಕೆಲಮಟ್ಟಿಗೆ ತಾಯಿತಂದೆಗಳಿಂದಲೂ ಕೆಲಮಟ್ಟಿಗೆ ಯದೃಚ್ಛೆಯಿಂದಲೂ ಬರುತ್ತದೆ. ಸ್ಪರ್ಧೆಯಲ್ಲಿ ಗೆಲ್ಲಬೇಕೆಂಬ ಆಟಗಾರರು ಬೇಕಾದ ಅಂಕಗಳೆಲ್ಲ 31 ಆಗಿರುವ ಮರಿಯೊಂದಕ್ಕಾಗಿ ನೂರಾರು ಮೊಟ್ಟೆಗಳನ್ನು ಒಡೆಸುವರು. ಮರಿಯ ಅಂಕಗಳನ್ನು ಸೂಚಿಸುವ ಪರೀಕ್ಷಕನೊಬ್ಬನೂ ಆಟದೊಳಗೇ ಇದ್ದಾನೆ. ಅವನ ಮುಂದೆ ಮರಿಗಳನ್ನು ಸಾಲಾಗಿ ನಿಲ್ಲಿಸಿ, ಬೇಕಾದುದೊಂದನ್ನು ಉಳಿಸಿಕೊಂಡು, ಮಿಕ್ಕವನ್ನು ಬಿಟ್ಟುಬಿಡುವರು. ಬಿಟ್ಟದ್ದು ಮರಳಿ ಬರುವುದಿಲ್ಲ.

ಇದರಲ್ಲಿ ದೋಷವುಂಟೇ? ಇಲ್ಲವೆನ್ನುವ ಪೂರ್ವಪಕ್ಷವು ಬಲವಾಗಿಯೇ ಇದೆ. ಮರಿಗೆ ಜೀವವಿಲ್ಲ, ಜೀವವಿಲ್ಲದುದಕ್ಕೆ ನೋವಿಲ್ಲ, ನೋವಿಲ್ಲದೆಡೆಯಲ್ಲಿ ಹಿಂಸೆಯಿಲ್ಲ. ಚದುರಂಗದಲ್ಲಿ ರಾಜನನ್ನುಳಿಸಲು ಕಾಲಾಳನ್ನು ಬಲಿಗೊಟ್ಟವನು ಪ್ರಾಯಶ್ಚಿತ್ತ ಮಾಡಿಕೊಳ್ಳುವನೇ?

ಕನ್ನಡ ಸಾಹಿತ್ಯವನ್ನು ಓದಿದವರಿಗೆ ಈ ವಾದವನ್ನು ಕೇಳಿದೊಡನೆ ಒಂದು ಕೋಳಿಯ ಕೂಗು ಕಿವಿಗೆ ಬೀಳದಿರದು. ಹದಿಮೂರನೆಯ ಶತಮಾನದ ಜನ್ನನ ಯಶೋಧರ ಚರಿತೆಯಲ್ಲಿ ರಾಜನಾದ ಯಶೋಧರನು ಜೀವವಧೆಗೆ ಒಪ್ಪುವುದಿಲ್ಲ. ತಾಯಿಯಾದ ಚಂದ್ರಮತಿಯು ದುಃಸ್ವಪ್ನದ ಶಾಂತಿಗಾಗಿ ಬಲಿಯಾಗಲೇಬೇಕೆನ್ನುತ್ತಾಳೆ. ಕೊನೆಗೆ ಹಿಟ್ಟಿನಿಂದ ಕೋಳಿಯೊಂದನ್ನು ಮಾಡಿ ಬಲಿಕೊಡುವುದೆಂದಾಯಿತು. ಅದನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ ಆ ರೂಪಕ್ಕೆ ಮರುಳಾಗಿ ಬೆಂತರವೊಂದು ಅದರೊಳಗೆ ಹೊಕ್ಕಿತು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು. ಜೀವವಿಲ್ಲದ ಹಿಟ್ಟನ್ನು ಕಡಿದ ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಕಲ್ಪಿತ ಪ್ರಾಣಿಯ ವಿಷಯದಲ್ಲಿ ಮನುಷ್ಯನು ತಪ್ಪುಮಾಡಬಲ್ಲನೇ ಎಂಬ ಪ್ರಶ್ನೆಯನ್ನು ಕನ್ನಡಿಗರು ಗಾಜಿನ ಪ್ರಾಣಿಗಳು ಬರುವುದಕ್ಕೆ ಏಳುನೂರು ವರ್ಷಗಳಿಗೂ ಮೊದಲೇ ಕೇಳಿ ಉತ್ತರವನ್ನೂ ಕೊಟ್ಟುಕೊಂಡಿದ್ದರು.

ಆದರೆ ಆ ಉತ್ತರವನ್ನು ಹಾಗೆಯೇ ತಂದು ಇಲ್ಲಿಗೆ ಅಂಟಿಸುವುದು ವಿವೇಕವಾಗದು. ಮರಿಯನ್ನು ಬಿಟ್ಟ ಬಾಲಕನಿಗೆ ಜನ್ಮಾಂತರದ ಭಯವನ್ನು ತೋರಿಸಿದರೆ ಅವನು ನಗುವನು, ನಗುವುದೇ ಸರಿ. ಯಶೋಧರನು ಕೋಳಿಯನ್ನು ಕೊಲ್ಲುತ್ತೇನೆಂದು ಸಂಕಲ್ಪಿಸಿ ಕತ್ತಿಯೆತ್ತಿದನು. ಆಟಗಾರನಿಗೆ ಅಂಥ ಸಂಕಲ್ಪವಿಲ್ಲ. ಅವನಿಗೆ ಮರಿಯ ಮೇಲೆ ಕ್ರೋಧವೂ ಇಲ್ಲ, ಅದರ ನೋವಿನಲ್ಲಿ ಸುಖವೂ ಇಲ್ಲ. ಮೇಲಾಗಿ ಬಿಟ್ಟ ಮರಿಯು ಕಾಡಿಗೆ ಹೋಗಿ ಸ್ವತಂತ್ರವಾಗುವುದಲ್ಲವೇ, ಚೆಂಡಿನಲ್ಲಿ ಸೆರೆಯಾಗಿರುವುದಕ್ಕಿಂತ ಅದು ಮೇಲಲ್ಲವೇ ಎಂದು ಅವನು ಕೇಳಬಹುದು. 2010ರ ಆಟದಲ್ಲಿ ಎನ್ ಎಂಬ ತರುಣಪಾತ್ರವು ಪ್ರಾಣಿಗಳನ್ನೆಲ್ಲ ಮನುಷ್ಯರ ಕೈಯಿಂದ ಬಿಡಿಸಬೇಕೆಂದೇ ಹೊರಡುತ್ತದೆ. ಆಟವು ತನ್ನ ವಿರುದ್ಧವಾದ ಪೂರ್ವಪಕ್ಷವನ್ನು ತಾನೇ ಮಂಡಿಸಿದ್ದು ಮೆಚ್ಚತಕ್ಕ ವಿಷಯ. ಆದರೆ ಸ್ವಾತಂತ್ರ್ಯದ ಈ ಮಾತು ಮರಿಯನ್ನು ಬಿಡುವವನ ಮನಸ್ಸಿನಲ್ಲಿ ಬಿಡುವಾಗ ಇರುವುದಿಲ್ಲ. ಯಾರಾದರೂ ಕೇಳಿದಾಗ ಹೊಳೆಯುತ್ತದೆ. ಬಿಡುವಾಗ ಇರುವುದು ಬರಿಯ ಉಪೇಕ್ಷೆ.

ಚದುರಂಗದ ಕಾಲಾಳಿನ ದೃಷ್ಟಾಂತವು ಇಲ್ಲಿ ಹೊಂದುವುದಿಲ್ಲ. ಕಾಲಾಳಿಗೆ ಹೆಸರಿಲ್ಲ, ಮುಖವಿಲ್ಲ, ಅದನ್ನು ಯಾರೂ ಮೊಟ್ಟೆಯಿಂದ ಹೊತ್ತು ನಡೆದಿಲ್ಲ. ಈ ಆಟವಾದರೋ ಮಗುವಿನ ಕೈಗೆ ಮೊದಲ ಪ್ರಾಣಿಯನ್ನು ಕೊಡುವಾಗಲೇ ಅದಕ್ಕೊಂದು ಹೆಸರಿಡುವೆಯಾ ಎಂದು ಕೇಳುತ್ತದೆ, ಅದು ನಿನ್ನ ಸಂಗಾತಿಯೆಂದು ಹೇಳಿಕೊಡುತ್ತದೆ. ಬಹುಮಂದಿ ಆಟಗಾರರು ಆ ಮೊದಲ ಪ್ರಾಣಿಯ ಜನ್ಮಾಂಕವನ್ನು ಎಂದೂ ನೋಡಿರುವುದಿಲ್ಲ. ನೋಡಿ ಅದು ಕಡಮೆಯೆಂದು ತಿಳಿದರೂ ಅದನ್ನು ಬಿಡುವುದಿಲ್ಲ. ಒಂದೇ ಕೈಯು ಒಂದನ್ನು ಅಂಕ ಕೇಳದೆ ಉಳಿಸಿಕೊಳ್ಳುತ್ತದೆ, ನೂರನ್ನು ಅಂಕ ಕೇಳಿ ಬಿಡುತ್ತದೆ. ದೋಷವೇನಾದರೂ ಇದ್ದರೆ ಅದು ಮರಿಗೆ ತಗಲಿದ್ದಲ್ಲ, ಆ ಕೈಗೆ ಅಂಟಿದ್ದು. ಹೆಸರು ಕೇಳುವುದಕ್ಕೆ ಮೊದಲು ಅಂಕ ಕೇಳುವ ರೂಢಿಯು ಒಂದು ಸಲ ಕೈಗೆ ಹತ್ತಿದರೆ, ಅದು ಗಾಜಿನ ಹಲಗೆಯ ಅಂಚಿನಲ್ಲಿ ನಿಂತುಬಿಡುವುದೆಂದು ಹೇಳುವ ಧೈರ್ಯವು ಯಾರಿಗುಂಟು? ಪರೀಕ್ಷೆಯ ಫಲಿತಾಂಶದ ದಿನ ಮನೆಯ ಬಾಗಿಲಲ್ಲಿ ನಿಂತ ಮಗನನ್ನು ಒಳಗೆ ಬಾ ಎನ್ನುವ ಮೊದಲು ಎಷ್ಟು ಬಂತೆಂದು ಕೇಳುವ ತಂದೆಯರು ಪೋಕೆಮಾನ್ ಆಟವನ್ನು ಆಡಿದವರಲ್ಲ ಎಂಬುದೂ ನಿಜ. ಆದುದರಿಂದ ರೂಢಿಯನ್ನು ಆಟವು ಕಲಿಸಿತೋ, ಆಟವು ಮನೆಯಿಂದ ಕಲಿತುಕೊಂಡಿತೋ ಎಂಬುದನ್ನು ನಿರ್ಣಯಿಸುವಾಗ ಅವಸರವು ಸಲ್ಲದು.

ಆಟವನ್ನು ಕಟ್ಟಿದವರಿಗೂ ಈ ವಿಷಯದಲ್ಲಿ ಕಸಿವಿಸಿಯಾಗಿತ್ತೋ ಏನೋ, 2016ರಲ್ಲಿ ಒಂದು ಹೊಸ ಏರ್ಪಾಟನ್ನು ಮಾಡಿದರು. ಆಗಿನ ನಿಯಮದಂತೆ ನೂರನೆಯ ಮೆಟ್ಟಿಲನ್ನು ಮುಟ್ಟಿದ ಪ್ರಾಣಿಗೆ, ಸೀಸೆಯ ಬಿರಡೆಯಂತಹ ಒಂದು ಬೆಳ್ಳಿಯ ಅಥವಾ ಚಿನ್ನದ ಮುಚ್ಚಳವನ್ನು ಸಲ್ಲಿಸಿ, ಕಠಿಣವಾದ ಅಭ್ಯಾಸವನ್ನು ಮಾಡಿಸಿದರೆ, ಜನ್ಮಾಂಕವು ಎಷ್ಟೇ ಇರಲಿ, ಪೂರ್ಣವಾಗಿದ್ದಂತೆಯೇ ನಡೆಯುವುದು. 2019ರಿಂದ ಪುದೀನದಂತಹ ಎಲೆಯನ್ನು ತಿನ್ನಿಸಿ ಸ್ವಭಾವದ ಫಲವನ್ನೂ ಬದಲಿಸಬಹುದಾಯಿತು. ಬಾಲ್ಯದಿಂದ ಜೊತೆಗಿದ್ದ ಪ್ರಾಣಿಯನ್ನು ಅಂಕದ ಕೊರತೆಗಾಗಿ ಬಿಡಬೇಕಾದ ಕಾರಣವು ತಪ್ಪಿತು. ಆದರೆ ಇದರಲ್ಲೊಂದು ಸೂಕ್ಷ್ಮವಿದೆ: ಅಭ್ಯಾಸದಿಂದ ಒಳಗಿನ ಜನ್ಮಾಂಕವು ಅಳಿಸಿಹೋಗುವುದಿಲ್ಲ. ಆ ಪ್ರಾಣಿಯ ಮೊಟ್ಟೆಯಿಂದ ಬರುವ ಮರಿಗೆ ದಾಟುವುದು ಹಳೆಯ ಅಂಕವೇ. ಭೋಗವು ಬದಲಾಯಿತು, ಬೀಜವು ಬದಲಾಗಲಿಲ್ಲ. ವೇದಾಂತಿಗಳು ಸಂಚಿತ ಪ್ರಾರಬ್ಧಗಳನ್ನು ಬಿಡಿಸಿ ಹೇಳುವಾಗ ಪಡುವ ಕಷ್ಟವನ್ನು ಈ ಲೆಕ್ಕಿಗರು ಪಟ್ಟಂತೆ ಕಾಣುವುದಿಲ್ಲ.

ಅಂಕವಾದಿಗಳಿಗೂ ರೂಪವಾದಿಗಳಿಗೂ ಏಕಕಾಲದಲ್ಲಿ ಉತ್ತರವಾದ ಘಟನೆಯೊಂದು 2014ನೆಯ ಆಗಸ್ಟಿನಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ನಡೆಯಿತು. ಆ ವರ್ಷದ ಜಗತ್ ಸ್ಪರ್ಧೆಯಲ್ಲಿ ದಕ್ಷಿಣ ಕೊರಿಯದ ಸೆ ಜುನ್ ಪಾರ್ಕ್ ಎಂಬ ತರುಣನು ಕರೆತಂದ ಆರು ಪ್ರಾಣಿಗಳಲ್ಲಿ ಪಚಿರಿಸು ಎಂಬುದೊಂದಿತ್ತು. ಬಿಳಿ ನೀಲಿಯ ಬಣ್ಣ, ಹಳದಿಯ ಕೆನ್ನೆ, ಮೈಗಿಂತ ದೊಡ್ಡ ಬಾಲ. ಮುದ್ದಾದ ಮಿಂಚಿನ ಅಳಿಲು. ಮೊತ್ತ 405, ಪ್ರಹಾರ 45. ಮಕ್ಕಳು ಎತ್ತಿ ಮುದ್ದಿಸುವ, ಸ್ಪರ್ಧಿಗಳು ತಿರುಗಿಯೂ ನೋಡದ ಪ್ರಾಣಿ. ಅದನ್ನು ಕಣಕ್ಕಿಳಿಸಿ ಆ ತರುಣನು ಜಗಜ್ಜೇತನಾದನು.

ಇದನ್ನು ಪ್ರೀತಿಯ ವಿಜಯವೆಂದು ಕೊಂಡಾಡಿದವರು ಬಹಳ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂದು ಹೇಳಿ ಮುಗಿಸಿಬಿಡುವುದು ಸುಲಭ; ಆದರೆ ಹಾಗೆ ಮುಗಿಸಿದರೆ ಆ ತರುಣನ ಬುದ್ಧಿಗೆ ಅನ್ಯಾಯವಾದೀತು. ಆ ಸ್ಪರ್ಧೆಯಲ್ಲಿ ಇಬ್ಬರೂ ಏಕಕಾಲದಲ್ಲಿ ಎರಡೆರಡು ಪ್ರಾಣಿಗಳನ್ನು ನಿಲ್ಲಿಸಿ ಕಾದಾಡಿಸಬೇಕು. ಪಚಿರಿಸುವಿಗೆ ಒಂದು ವಿದ್ಯೆ ತಿಳಿದಿದೆ: ಜೊತೆಗಾರನ ಮೇಲೆ ಬರುವ ಪೆಟ್ಟನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದು. ವೈರಿಯು ಮಿಂಚನ್ನೆಸೆದರೆ ಅದನ್ನು ಕುಡಿದು ಪ್ರಾಣವನ್ನು ಹೆಚ್ಚಿಸಿಕೊಳ್ಳುವ ಗುಣವೂ ಅದಕ್ಕುಂಟು. ಪಾರ್ಕನು ಅದರ ಪ್ರಯತ್ನಾಂಕಗಳನ್ನು ಪ್ರಹಾರಕ್ಕಾಗಲಿ ವೇಗಕ್ಕಾಗಲಿ ವ್ಯಯಮಾಡದೆ ಪ್ರಾಣಕ್ಕೂ ರಕ್ಷಣೆಗೂ ಸುರಿದನು. ಎಂದರೆ ಪೆಟ್ಟು ತಿಂದರೂ ನಿಂತಿರುವಂತೆ ಮಾಡಿದನು. ಪ್ರಹಾರಾಂಕವು 45 ಆದರೇನು? ಅವನು ಕೊಟ್ಟ ಆಯುಧಗಳಲ್ಲೊಂದು ಎದುರಾಳಿಯ ಉಳಿದ ಪ್ರಾಣದಲ್ಲಿ ನೇರವಾಗಿ ಅರ್ಧವನ್ನು ಕಚ್ಚಿಹಾಕುವ ಹಲ್ಲು. ಅದು ಹೊಡೆಯುವವನ ಅಂಕವನ್ನೇ ಕೇಳುವುದಿಲ್ಲ. ಅಳಿಲಸೇವೆಯೆಂದರೆ ಸಣ್ಣವರು ಮಾಡುವ ಸಣ್ಣ ಕೆಲಸವೆಂದು ಜನ ಹೇಳುವುದುಂಟು. ಈ ಅಳಿಲು ಮಾಡಿದ್ದು ಸಣ್ಣ ಕೆಲಸವಾಗಿರಲಿಲ್ಲ. ದೊಡ್ಡವರು ದೊಡ್ಡ ಕೆಲಸವನ್ನು ಮಾಡಿ ಮುಗಿಸುವವರೆಗೆ ಅವರ ಮುಂದೆ ನಿಂತಿತು. ಯೋಜಕನೇ ದುರ್ಲಭನೆಂಬ ಸುಭಾಷಿತವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪಾರ್ಕನು ಅಂಕಗಳನ್ನು ಲೆಕ್ಕಿಸದವನಲ್ಲ. ಎಲ್ಲರಿಗಿಂತ ಚೆನ್ನಾಗಿ ಲೆಕ್ಕಿಸಿದವನು. ಇತರರು ಆರು ಅಂಕಗಳನ್ನು ಕೂಡಿಸಿ 405 ಎಂದು ಓದಿ ಪುಟ ತಿರುವಿದರು. ಅವನು ಕೂಡಿಸದೆ ಒಂದೊಂದನ್ನೂ ಬಿಡಿಯಾಗಿ ಓದಿ, ಇದಕ್ಕೆ ಎಲ್ಲಿ ಕೆಲಸವಿದೆ ಎಂದು ಕೇಳಿದನು. ಅವನ ತಂಡದಲ್ಲಿ ಆ ಅಳಿಲಿನೊಡನೆ ಇದ್ದ ಉಳಿದ ಐದರಲ್ಲಿ ಒಂದು ಗ್ಯಾರಡಾಸ್; ಪ್ರಹಾರಕ್ಕೆ ಹತ್ತೇ ಅಂಕವುಳ್ಳ, ಬಾಯಿ ತೆರೆದುಕೊಂಡು ಸುಮ್ಮನೆ ನೆಗೆಯುತ್ತಿದ್ದ ಆ ಕೆಂಪು ಮೀನಿನ ಕುಲದ್ದು.